ಕೋಸಂಬರಿಗೆ ಒಗ್ಗರಣೆ ಹಾಕುವ ಮುನ್ನ

೧

ಈ ಕಥೆಯನ್ನು ಸೌತೆಕಾಯಿಯಿಂದ ಶುರುಮಾಡಲೇ, ಭವ್ಯಳಿಂದ ಶುರುಮಾಡಲೇ ಎಂದು ಬೆಳಗಿನಿಂದ ಕೂತಿದ್ದೇನೆ. ಸೌತೆಕಾಯಿ ಎದುರು ಮಾತಾಡುವುದಿಲ್ಲ. ಭವ್ಯ ಮಾತಾಡುತ್ತಾಳೆ. ಹಾಗಾಗಿ ಮೊದಲು ಸೌತೆಕಾಯಿಯನ್ನೇ ನಂಬಿ ಒಂದು ಪುಟ ಬರೆದೆ:

"ಏಪ್ರಿಲ್ ತಿಂಗಳ ಬಿಸಿಲು ಅಜ್ಜಂಪುರದ ಸಂತೆಯ ಮೇಲೆ ಸುರಿಯುತ್ತಿತ್ತು. ಗೋಣಿಚೀಲದ ಮೇಲೆ ರಾಶಿ ಹಾಕಿದ್ದ ಎಳೆ ಸೌತೆಕಾಯಿಗಳು ಯಾರಿಗಾಗಿಯೋ ಕಾಯುತ್ತಿದ್ದವು..."

ಸೌತೆಕಾಯಿ ಯಾರಿಗಾಗಿಯೂ ಕಾಯುವುದಿಲ್ಲ. ಮಾರಾಟವಾಗದಿದ್ದರೆ ಬಾಡುತ್ತದೆ, ಅಷ್ಟೆ. ಪುಟವನ್ನು ಹರಿದು ಹಾಕಿದೆ.

(ಬಿಸಿಲಿನ ವರ್ಣನೆ ಬೇಕೇಬೇಕು ಅನ್ನುವ ಓದುಗರು ದಯವಿಟ್ಟು ಮಧ್ಯಾಹ್ನ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಹೋಗಿ ನಿಲ್ಲಬೇಕು. ನನ್ನ ಮೂರು ಸಾಲಿಗಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ.)

೨

ಸರಿ, ಭವ್ಯ.

ಅಜ್ಜಂಪುರದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. ಹುಟ್ಟೂರು ಕಡೂರು ತಾಲ್ಲೂಕಿನ ಚೌಳಹಿರಿಯೂರು. ಅಲ್ಲಿ ತಾಯಿ ಲಿಂಗಮ್ಮ, ಅಣ್ಣ ಹೊನ್ನೇಶ್, ಅತ್ತಿಗೆ, ಒಂದಿಷ್ಟು ಬೆದ್ದಲು ಹೊಲ, ತೆಂಗಿನ ತೋಟ. ಇಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಹೊಸ ಬಡಾವಣೆಯಲ್ಲಿ ಸುಲೋಚನಮ್ಮ ಎಂಬುವರ ಮಹಡಿ ಮನೆಯಲ್ಲಿ ಬಾಡಿಗೆಗೆ ಒಬ್ಬಳೇ ಇದ್ದಾಳೆ. ವಯಸ್ಸು ಮೂವತ್ತಾರು.

ಬಡಾವಣೆಯ ಎಲ್ಲ ಹೆಂಗಸರ ಗಲ್ಲ ಹಿಡಿದು ಕಣ್ಣಲ್ಲಿ ಟಾರ್ಚು ಬಿಟ್ಟು ನೋಡಿದವಳು ಅವಳು. ಯಾರಿಗೆ ಎಡಗಣ್ಣಿನಲ್ಲಿ ಪೊರೆ ಬರುತ್ತಿದೆ, ಯಾರು ಅತ್ತು ಅತ್ತು ಬಂದು ಕಣ್ಣುರಿ ಅನ್ನುತ್ತಾರೆ, ಎಲ್ಲ ಬಲ್ಲಳು. ಇಷ್ಟು ಹತ್ತಿರದಿಂದ ಜನರನ್ನು ನೋಡುವವಳ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಒಂದು ತುತ್ತು ಉಂಡಿಲ್ಲ. ನೀರು ಕುಡಿದಿದ್ದಾರೆ. ಎಳನೀರು ಕುಡಿದಿದ್ದಾರೆ. ಬಾಳೆಹಣ್ಣು ತಿಂದಿದ್ದಾರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೆ ಅವಳು ಸಿಕ್ಕಿದ್ದೂ ಆ ಅಂಗಡಿಯಲ್ಲೇ. ತರೀಕೆರೆಯಲ್ಲಿ ಒಂದು ರೂಮು ಮಾಡಿಕೊಂಡು ಕಥೆ ಬರೆಯುವ ನನಗೆ ಅಕ್ಷರಗಳು ಇರುವೆಯಂತೆ ಹರಿದಾಡತೊಡಗಿದ್ದವು. ಅವಳು ಲೆನ್ಸ್ ಬದಲಾಯಿಸುತ್ತ, ಈಗ ಕಾಣುತ್ತಾ ಸಾರ್, ಈಗ ಕಾಣುತ್ತಾ ಎಂದು ಕೇಳಿದಳು. ಅಷ್ಟು ತಾಳ್ಮೆಯಿಂದ ನನ್ನನ್ನು ಯಾರೂ ಏನನ್ನೂ ಕೇಳಿ ಬಹಳ ದಿನವಾಗಿತ್ತು. ಆ ಆಸೆಗೇ ಇವಳನ್ನು ಕಥೆಗೆ ಎಳೆದುಕೊಂಡು ಬಂದೆ.

ಒಂಟಿ ಹೆಂಗಸು ಎಂದಮೇಲೆ ಕಾರಣ ಕೊಡಬೇಕಲ್ಲ. ಎರಡನೆಯ ಕರಡಿನಲ್ಲಿ ಅವಳಿಗೊಬ್ಬ ಗಂಡನನ್ನು ಕೊಟ್ಟು, ಎಮ್ಮೆದೊಡ್ಡಿ ರಸ್ತೆಯ ತಿರುವಿನಲ್ಲಿ ಬೈಕಿನಿಂದ ಬೀಳಿಸಿ ಸಾಯಿಸಿದೆ. ಮೂರನೆಯದರಲ್ಲಿ ಪಾಪ ಅನಿಸಿ ಬದುಕಿಸಿ, ದುಶ್ಯಂತ್ ಎಂದು ಹೆಸರಿಟ್ಟು, ಕುಡಿತ ಕಲಿಸಿ, ಡೈವೋರ್ಸ್ ಕೊಡಿಸಿದೆ.

"ಸಾರ್, ನಂಗೆ ಮದುವೇನೇ ಆಗಿಲ್ಲ," ಎಂದಳು ಭವ್ಯ. "ಒಂದಷ್ಟು ಜನ ಬಂದು ನೋಡಿದ್ರು, ಆಗ್ಲಿಲ್ಲ. ಆಮೇಲೆ ಬರೋದು ನಿಲ್ಸಿದ್ರು. ಅದಕ್ಕೂ ಒಂದು ಕಥೆ ಬೇಕಾ?"

ಬೇಡ ಎಂದೆ. ದುಶ್ಯಂತ್ ಬಂದ ದಾರಿಯಲ್ಲೇ ಹೋದ. ಅವನ ಬೈಕು ಮಾತ್ರ ಎಲ್ಲೋ ಒಂದು ಪುಟದಲ್ಲಿ ಉಳಿದುಕೊಂಡಿರಬಹುದು, ಕಂಡರೆ ಪಕ್ಕಕ್ಕೆ ಸರಿಸಿ.

೩

ಸುಲೋಚನಮ್ಮನವರ ಎದುರು ಮನೆ ಶಿವಮೂರ್ತಪ್ಪನವರದು. ಕೊಬ್ಬರಿ ವ್ಯಾಪಾರದ ಮನೆ, ಮಠದ ಭಕ್ತರು, ನಾಲ್ಕು ಜನಕ್ಕೆ ಬೇಕಾದವರು. ಅವರ ಹೆಂಡತಿ ಪ್ರೇಮಮ್ಮ. ಸೊಸೆ ಸ್ಫೂರ್ತಿ. ಬಡಾವಣೆಯ ಹೆಂಗಸರ ವಾಟ್ಸಾಪ್ ಗ್ರೂಪಿಗೆ ಸ್ಫೂರ್ತಿಯೇ ಅಡ್ಮಿನ್. ಗುಡ್ ಮಾರ್ನಿಂಗ್ ಹೂವು ಕಳಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಆ ಸ್ಫೂರ್ತಿ ಮೊಬೈಲಿನಲ್ಲಿ ಏನೋ ನೋಡಿ, ನಾವೂ ಒಂದು ಸಮ್ಮರ್ ಪಾಟ್‌ಲಕ್ ಮಾಡೋಣ ಎಂದು ಗ್ರೂಪಿಗೆ ಹಾಕಿದಳು. ಭಾನುವಾರ ಸಂಜೆ, ಬಿಸಿಲು ಇಳಿದ ಮೇಲೆ, ತಮ್ಮ ಮನೆಯ ತಾರಸಿಯಲ್ಲಿ, ಮನೆಗೊಂದು ಐಟಂ. ಪ್ರೇಮಮ್ಮ ಅದಕ್ಕೆ ಹಂಚೂಟ ಎಂದು ತಾವೇ ಹೆಸರಿಟ್ಟುಕೊಂಡರು. ಒಬ್ಬರು ಪುಳಿಯೋಗರೆ ಎಂದರು, ಇನ್ನೊಬ್ಬರು ಮಾವಿನಕಾಯಿ ಚಿತ್ರಾನ್ನ, ಮತ್ತೊಬ್ಬರು ಮೊಸರನ್ನ. ಸುಲೋಚನಮ್ಮ ಹೋಳಿಗೆ ಹಿಡಿದುಕೊಂಡರು.

ಭವ್ಯ ಅಕ್ಕಿರೊಟ್ಟಿ, ಎಣ್ಣೆಗಾಯಿ ಎಂದು ಟೈಪ್ ಮಾಡಿ ಕಳಿಸಿದಳು. ಅವಳ ಎಣ್ಣೆಗಾಯಿ ತಿಂದವರು ಬಟ್ಟಲು ನೆಕ್ಕುತ್ತಾರೆ ಎಂದು ಚೌಳಹಿರಿಯೂರಿನಲ್ಲಿ ಪ್ರತೀತಿ. ಗ್ರೂಪಿನಲ್ಲಿ ಅದರ ಕೆಳಗೆ ಒಂದು ಹೂವೂ ಬೀಳಲಿಲ್ಲ. ಆಮೇಲೆ ಅವಳೊಬ್ಬಳಿಗೇ ಸ್ಫೂರ್ತಿಯ ವಾಯ್ಸ್ ಮೆಸೇಜ್ ಬಂತು.

"ಭವ್ಯಕ್ಕ, ನೀವು ಡ್ಯೂಟಿ ಮುಗ್ಸ್ಕೊಂಡು ಬರೋರು, ಒಬ್ರೇ ಬೇರೆ. ಅಷ್ಟೆಲ್ಲ ಯಾಕೆ ತೊಂದ್ರೆ ತಗೋತೀರಿ? ಸಲಾಡ್ ತಂದ್ಬಿಡಿ ಸಾಕು. ಬೇಯ್ಸೋದೇನೂ ಬೇಡ ಕಣ್ರೀ."

ದನಿ ಮೆತ್ತಗಿತ್ತು. ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ. ಭವ್ಯ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಪ್ರೀತಿಯಿಂದ ಹೇಳಿದ್ದಿರಬಹುದು. ಪ್ರೀತಿಯಿಂದಲೇ ಹೇಳಿದ್ದು ಎಂದು ನಂಬಲು ಅವಳಿಗೆ ತುಂಬ ಇಷ್ಟವಿತ್ತು.

೪

ಆದರೆ ಕರು ಇದೆಯಲ್ಲ.

ಹೋದ ಯುಗಾದಿಗೆ ಭವ್ಯ ಎದುರು ಮನೆಗೆ ಹೋಳಿಗೆ ಕೊಟ್ಟಿದ್ದಳು. ಸಂಜೆಯೇ ಸ್ಫೂರ್ತಿ ಡಬ್ಬಿಯನ್ನು ತೊಳೆದು, ಬರಿದು ಕೊಡಬಾರದೆಂದು ಸಕ್ಕರೆ ತುಂಬಿ ತಂದುಕೊಟ್ಟು, ಭಾರಿ ಚೆನ್ನಾಗಿತ್ತು, ನಮ್ಮತ್ತೆಗೂ ರೆಸಿಪಿ ಬೇಕಂತೆ ಎಂದಳು. ಮಾರನೆಯ ಬೆಳಿಗ್ಗೆ ಭವ್ಯ ಕರಿಬೇವು ಕೇಳಲು ಹೋದಾಗ ಹಿತ್ತಲಿನಲ್ಲಿ ಕಟ್ಟಿದ್ದ ಕರು ಬಕೆಟ್ಟಿನಲ್ಲಿ ಮೂತಿ ಇಟ್ಟಿತ್ತು. ಹಿಂಡಿಯ ಮೇಲೆ ಅವಳ ಹೋಳಿಗೆಗಳು, ಮಡಚಿದ್ದು ಮಡಚಿದ ಹಾಗೆಯೇ. ಅವಳು ಕರಿಬೇವು ಕಿತ್ತುಕೊಂಡು, ಥ್ಯಾಂಕ್ಸ್ ಅಮ್ಮ ಎಂದು ಹೇಳಿ ಬಂದಳು.

ಇಲ್ಲಿ ನಾನು ನ್ಯಾಯವಾಗಿ ಮಾತಾಡಬೇಕು. ಪ್ರೇಮಮ್ಮ ದೀಕ್ಷೆ ತೆಗೆದುಕೊಂಡವರು. ತಾವೇ ಬೇಯಿಸಿಕೊಂಡದ್ದು ಬಿಟ್ಟು ಬೇರೆಯವರದ್ದು ಮುಟ್ಟುವುದಿಲ್ಲ, ಸೊಸೆ ಮಾಡಿದ್ದನ್ನೂ ಮುಟ್ಟುವುದಿಲ್ಲ, ಅದನ್ನು ಎದುರಿಗೇ ಹೇಳುತ್ತಾರೆ. ಉಳಿದವರಿಗೆ ಅಂಥ ವ್ರತವೇನೂ ಇಲ್ಲ. ಬೀರೂರಿನ ಹೋಟೆಲಿನಲ್ಲಿ ದೋಸೆ ಹುಯ್ದವನು ಯಾರೆಂದು ಅವರು ಯಾವತ್ತೂ ಕೇಳಿಲ್ಲ. ಭವ್ಯ ಮಾತ್ರ ಗೌಡರ ಮನೆ ಹುಡುಗಿ, ಅವಳ ಅಡುಗೆಮನೆಯಲ್ಲಿ ಕೋಳಿ ಬೇಯುತ್ತದೆ ಎಂಬುದು ಅವರ ಎಣಿಕೆ. ಹಣ್ಣು, ಕಾಯಿ, ಹಸಿ ತರಕಾರಿಗೆ ದೋಷವಿಲ್ಲ. ಬೆಂಕಿ ತಾಗಿದ್ದಕ್ಕೆ ಮಾತ್ರ ಅಡುಗೆಮನೆಯ ಜಾತಿ ಅಂಟುತ್ತದೆ.

ತಮಾಷೆ ಏನೆಂದರೆ ಆ ಅಡುಗೆಮನೆಯಲ್ಲಿ ಎರಡು ವರ್ಷದಿಂದ ಒಂದು ಮೊಟ್ಟೆಯೂ ಒಡೆದಿಲ್ಲ. ಅದೆಲ್ಲ ಮಾಡಂಗಿಲ್ಲ ಎಂದು ಸುಲೋಚನಮ್ಮ ಬಾಡಿಗೆಗೆ ಕೊಡುವಾಗಲೇ ಹೇಳಿದ್ದರು. ಭವ್ಯ ಊರಿಗೆ ಹೋದಾಗ ಅಮ್ಮನ ಕೈಯ ಸಾರು ಉಂಡು, ಬರುವಾಗ ಬಾಯಿ ತೊಳೆದುಕೊಂಡು ಬರುತ್ತಾಳೆ. ಹೀಗೆ ತನ್ನ ನಾಲಿಗೆಯನ್ನು ಬಿಟ್ಟುಕೊಟ್ಟೂ ಅವಳಿಗೆ ಊಟದ ಸಾಲಿನಲ್ಲಿ ಜಾಗ ಸಿಕ್ಕಿಲ್ಲ.

(ಸಿಟ್ಟು ಬರುತ್ತಿದೆಯೇ? ನನಗೂ ಬಂದಿತ್ತು. ಆ ಸಿಟ್ಟಿನಲ್ಲೇ ನಾಲ್ಕನೆಯ ಕರಡು ಬರೆದೆ. ಅದರಲ್ಲಿ ಭವ್ಯ ತಾರಸಿಯ ಮೇಲೆ ನಿಂತು ಒಂದೂವರೆ ಪುಟ ಭಾಷಣ ಮಾಡುತ್ತಾಳೆ, ಹೆಂಗಸರು ತಲೆ ತಗ್ಗಿಸುತ್ತಾರೆ. ಅವಳು ಅದನ್ನು ಓದಿ, ಇದು ನಾನಲ್ಲ ಸಾರ್, ಇದು ನೀವು ಕನ್ನಡಿ ಮುಂದೆ ನಿಂತ್ಕೊಂಡು ಹೇಳ್ಕೊಂಡಿದ್ದು ಎಂದಳು. ನಿಜ. ಕನ್ನಡಿ ಸ್ವಲ್ಪ ಒಡೆದಿದೆ ಕೂಡ.)

೫

ಹಾಗಾದರೆ ಯಾವ ಸಲಾಡ್?

ಶನಿವಾರ ರಾತ್ರಿಯ ಊಟವಾದ ಮೇಲೆ ಭವ್ಯ ಮೊಬೈಲಿನಲ್ಲಿ ಹುಡುಕಿದಳು. ಒಂದು ಕೆನ್ನೆಗುಳಿಯ ಹುಡುಗಿ ಲೆಟ್ಯೂಸ್ ಎಂಬ ಎಲೆಯನ್ನು ಹರಿದು ಹರಿದು ಹಾಕುತ್ತಿದ್ದಳು. ಅಜ್ಜಂಪುರದಲ್ಲಿ ಲೆಟ್ಯೂಸ್ ಕೇಳಿದರೆ ಮೆಂತ್ಯ ಕೊಡುತ್ತಾರೆ. ಇನ್ನೊಬ್ಬ ಬಿಳಿ ಕ್ರೀಮು ಸುರಿದ. ಅದರಲ್ಲಿ ಮೊಟ್ಟೆ ಇರುತ್ತದೆಂದು ಭವ್ಯಳಿಗೆ ಗೊತ್ತಿತ್ತು. ಅದನ್ನು ತೆಗೆದುಕೊಂಡು ಹೋದರೆ ಕಥೆ ಅಲ್ಲಿಗೇ ಮುಗಿಯುತ್ತದೆ, ನನಗೂ ಶ್ರಮ ಉಳಿಯುತ್ತದೆ. ಅವಳು ಒಪ್ಪಲಿಲ್ಲ.

ಸೌತೆಕಾಯಿ, ಟೊಮೆಟೊ ದುಂಡಗೆ ಕೊಯ್ದು ತಟ್ಟೆಯ ಸುತ್ತ ಜೋಡಿಸಬಹುದು. ಸುರಕ್ಷಿತ. ಮದುವೆ ಛತ್ರದಲ್ಲಿ ಯಾರೂ ಮುಟ್ಟದೆ ಬಿಡುವಂಥದ್ದು. ಕಲ್ಲಂಗಡಿ ಹೋಳು ಮಾಡಿಕೊಂಡು ಹೋದರೆ ಎಲ್ಲರೂ ತಿನ್ನುತ್ತಾರೆ, ಆದರೆ ಅದು ಕಲ್ಲಂಗಡಿ ಬೆಳೆದವನ ಅಡುಗೆ, ಅವಳದ್ದಲ್ಲ. ಬೇಯಿಸಿದ ಕಡಲೆಕಾಳಿನ ಸಲಾಡ್ ಎಂದರೆ ಸಲಾಡಿನ ವೇಷದಲ್ಲಿರುವ ಉಸಲಿ. ಬೆಂಕಿ ಪೂರ್ತಿ ತಾಗಿದ್ದು. ಅಷ್ಟು ಧೈರ್ಯ ಅವಳಿಗಿರಲಿಲ್ಲ.

ಉಳಿದದ್ದು ಹೆಸರುಬೇಳೆ ಕೋಸಂಬರಿ. ನೆನೆಸಿದ ಬೇಳೆ, ಸೌತೆಕಾಯಿ, ತೆಂಗಿನ ತುರಿ, ಒಂದಿಷ್ಟು ಮಾವಿನಕಾಯಿ ತುರಿ, ಹಸಿಮೆಣಸು, ಕೊತ್ತಂಬರಿ, ನಿಂಬೆರಸ. ಇಲ್ಲಿಯವರೆಗೆ ಎಲ್ಲ ಹಸಿ, ಎಲ್ಲರಿಗೂ ನಡೆಯುತ್ತದೆ. ಇದಾದ ಮೇಲೆ ಸೌಟಿನಲ್ಲಿ ಎಣ್ಣೆ ಕಾಯಿಸಿ, ಸಾಸಿವೆ, ಇಂಗು, ಒಣಮೆಣಸು, ಕರಿಬೇವು ಸಿಡಿಸಿ ಮೇಲೆ ಸುರಿಯಬೇಕು.

ಓದುಗ ಮಹಾಶಯರೇ, ಈ ಕಥೆ ಒಂದು ಸೌಟಿನ ಒಳಗಿದೆ. ಸುರಿದರೆ ಅದು ಅವಳ ಒಲೆಯ ಮೇಲೆ ಮಾಡಿದ ಅಡುಗೆ. ಸುರಿಯದಿದ್ದರೆ ಸಂತೆಯಿಂದ ಬಂದ ತರಕಾರಿ.

೬

ಅವಳು ಅಮ್ಮನಿಗೆ ಫೋನು ಮಾಡಿದಳು. ಸುಮ್ಮನೆ ಅಳತೆ ಕೇಳುವ ನೆಪ. ಒಬ್ಬಳಿಗೇ ಮಾಡಿ ಮಾಡಿ ಅವಳಿಗೆ ಕೈಯಳತೆ ತಪ್ಪಿಹೋಗಿತ್ತು. ಅರ್ಧ ಸೌತೆಕಾಯಿ ಕೊಯ್ದು ಉಳಿದರ್ಧವನ್ನು ಫ್ರಿಜ್ಜಿನಲ್ಲಿಟ್ಟು ಮೂರನೆಯ ದಿನ ಎಸೆಯುವುದು ರೂಢಿಯಾಗಿತ್ತು. ಇಪ್ಪತ್ತು ಜನಕ್ಕೆ ಎಷ್ಟು ಬೇಳೆ ನೆನೆಸಬೇಕೆಂದು ಕೇಳುವಾಗ ಅವಳ ದನಿಯಲ್ಲಿ ಒಂದು ಸಡಗರ ಇತ್ತು, ಲಿಂಗಮ್ಮನಿಗೆ ಅದು ತಿಳಿಯಿತು.

ಲಿಂಗಮ್ಮ ಅಳತೆ ಹೇಳಿದರು. ಸೌತೆಕಾಯಿ ಹಿಂಡಿ ಹಾಕು, ಉಪ್ಪು ಕೊನೆಗೆ ಹಾಕು, ಇಲ್ಲದಿದ್ದರೆ ನೀರು ಬಿಡುತ್ತದೆ ಎಂದರು. ಒಗ್ಗರಣೆ ಹಾಕದೆ ಹೋದರೆ ಹೇಗಿರುತ್ತೆ ಎಂದು ಭವ್ಯ ಕೇಳಿದಳು.

ಲಿಂಗಮ್ಮ ಆ ಸೀಮೆಯಲ್ಲೇ ಹುಟ್ಟಿ ಬೆಳೆದವರು, ಮಗಳು ಯಾವ ಬೀದಿಯಲ್ಲಿ ಬಾಡಿಗೆಗಿದ್ದಾಳೆಂದು ಬಲ್ಲರು.

"ಒಗ್ಗರಣೆ ಇಲ್ದಿದ್ರೆ ಅದು ಕೋಸಂಬ್ರಿ ಅಲ್ಲ ಕಣೇ, ನೆನೆಸಿದ ಬೇಳೆ," ಎಂದರು. "ಅವ್ರು ತಿಂದ್ರೆ ತಿನ್ಲಿ, ಬಿಟ್ರೆ ನೀನೇ ತಂದು ತಿನ್ನು. ಅದ್ಕೇನು ಅಷ್ಟೊಂದು ಯೋಚ್ನೆ?"

ಫೋನಿಟ್ಟ ಮೇಲೆ ಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರೆಂದು ಬರೆಯಬಹುದಿತ್ತು. ಬರೆಯುವುದಿಲ್ಲ. ಅವರು ಒಲೆಯ ಮೇಲಿಟ್ಟಿದ್ದ ಹಾಲು ನೋಡಲು ಹೋದರು.

೭

ನಾನೊಂದು ಉಪಾಯ ಹೇಳಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೋಸಂಬರಿಯನ್ನು ಹಸಿಯಾಗಿಯೇ ಒಯ್ಯಲಿ, ಒಗ್ಗರಣೆಯನ್ನು ಬೇರೆ ಚಿಕ್ಕ ಡಬ್ಬಿಯಲ್ಲಿ ಒಯ್ಯಲಿ. ಬೇಕಾದವರು ಹಾಕಿಕೊಳ್ಳುತ್ತಾರೆ. ಉಪಾಯ ನನಗೇ ಮೆಚ್ಚುಗೆಯಾಗಿ ಎದ್ದು ಕಾಫಿ ಮಾಡಿಕೊಂಡೆ.

"ಬೇರೆ ಡಬ್ಬೀಲಿ ತಗೊಂಡ್ ಹೋದ್ರೆ, ನಂದು ತಿನ್ನೋ ಹಂಗಿಲ್ಲ ಅಂತ ನಾನೇ ಒಪ್ಕೊಂಡಂಗೆ ಆಯ್ತಲ್ಲ ಸಾರ್," ಎಂದಳು.

ಕಾಫಿ ಆರಿತು. ಹಾಗಾದರೆ ನಿನಗೆ ಬೇಕಾದ್ದೇನು, ಅವರಿಗೆ ಬುದ್ಧಿ ಕಲಿಸುವುದೇ ಎಂದು ಕೇಳಿದೆ.

ಅವಳು ಅಲ್ಲವೆಂದು ತಲೆಯಾಡಿಸಿದಳು. ಬುದ್ಧಿ ಕಲಿಸುವಷ್ಟು ಜೀವ ತನ್ನಲ್ಲಿ ಉಳಿದಿಲ್ಲ ಎಂದಳು. ಮನೆಯಲ್ಲಿ ಒಲೆ ಹಚ್ಚುವಾಗ ಯಾರಿಗೆ ಎಂದು ಹಚ್ಚುವುದು ಅನಿಸುತ್ತದಂತೆ. ಕುಕ್ಕರ್ ಕೂಗಿದರೆ ಕೇಳುವವರು ಒಬ್ಬರೇ. ಎಷ್ಟೋ ದಿನ ಬ್ರೆಡ್ಡು ತಿಂದು ಮಲಗಿದ್ದಾಳೆ. ಯಾರಾದರೂ ಒಬ್ಬರು, ಒಂದು ಸಲ, ಅವಳು ಮಾಡಿದ್ದನ್ನು ಬಾಯಿಗಿಟ್ಟು ನುಂಗಿದರೆ ಸಾಕಂತೆ. ಹೊಗಳುವುದೂ ಬೇಡ. ಉಪ್ಪು ಕಮ್ಮಿ ಎಂದರೂ ಆದೀತು.

ಇದನ್ನು ಹೇಳುವಾಗ ಅವಳು ನಗಲಿಲ್ಲ, ನಾನೂ ಯಾವ ಆವರಣ ಚಿಹ್ನೆಯೊಳಗೂ ಅಡಗಿಕೊಳ್ಳಲಿಲ್ಲ.

೮

ತಾರಸಿ ಹತ್ತುವ ಮೊದಲು ಅವಳ ಮುಂದೆ ಎರಡು ಮುಕ್ತಾಯ ಇಟ್ಟೆ. ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹಾಗೆ.

ಮೊದಲನೆಯದು. ಭವ್ಯ ಒಗ್ಗರಣೆ ಹಾಕುವುದಿಲ್ಲ. ಕೋಸಂಬರಿ ಪೂರ್ತಿ ಖಾಲಿಯಾಗುತ್ತದೆ, ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ, ಎಲ್ಲರೂ ಹೊಗಳುತ್ತಾರೆ. ಅವಳು ಬರಿಯ ಪಾತ್ರೆ ಹಿಡಿದು ರಸ್ತೆ ದಾಟಿ ಮನೆಗೆ ಬಂದು ತೊಳೆದು ಬೋರಲು ಹಾಕುತ್ತಾಳೆ. ಸುಖಾಂತ.

"ಪಾತ್ರೆ ಖಾಲಿ ಆಗೋದು ಸುಖಾಂತ ಆದ್ರೆ ಅದನ್ನ ಕರೂನೂ ಮಾಡ್ತಿತ್ತು," ಎಂದಳು.

ಎರಡನೆಯದು. ಒಗ್ಗರಣೆ ಹಾಕುತ್ತಾಳೆ. ಯಾರೂ ಮುಟ್ಟುವುದಿಲ್ಲ. ಆಗ ಪ್ರೇಮಮ್ಮ ಎದ್ದು ಬಂದು, ನನ್ನ ವ್ರತಕ್ಕಿಂತ ಈ ಹುಡುಗಿಯ ಮನಸ್ಸು ದೊಡ್ಡದು ಎಂದು ಹೇಳಿ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ. ಎಲ್ಲರ ಕಣ್ಣಲ್ಲೂ ನೀರು. ಹಿನ್ನೆಲೆಯಲ್ಲಿ ರೈಲು ಕೂಗುತ್ತದೆ. ಇದನ್ನು ಬರೆಯುವಾಗ ನನಗೇ ಗಂಟಲು ಕಟ್ಟಿತ್ತು, ಬಹುಮಾನದ ವಾಸನೆಯೂ ಬಂದಿತ್ತು.

ಭವ್ಯ ನನ್ನನ್ನೇ ನೋಡಿದಳು. "ಆ ಅಜ್ಜಿ ಅಷ್ಟು ವರ್ಷದಿಂದ ನಡ್ಸ್ಕೊಂಡು ಬಂದಿರೋದನ್ನ ಮುರಿಸೋಕೆ ನೀವ್ಯಾರು ಸಾರ್? ನಾನ್ಯಾರು? ಅವ್ರೊಬ್ರೇ ನನ್ ಹತ್ರ ಸುಳ್ಳು ಹೇಳ್ದೆ ಇರೋರು. ಅವ್ರನ್ನ ಬಿಟ್ಬಿಡಿ."

ಮೂರನೆಯದು ನನ್ನ ಹತ್ತಿರ ಇರಲಿಲ್ಲ. ಹಾಗೆಂದು ಒಪ್ಪಿಕೊಂಡೆ.

"ಹಂಗಾದ್ರೆ ಪಕ್ಕಕ್ ಸರೀರಿ," ಎಂದಳು. "ನಾನು ಎಣ್ಣೆ ಕಾಯ್ಸಕ್ಕೆ ಇಡ್ಬೇಕು."

ಸರಿದೆ. ಸಾಸಿವೆ ಸಿಡಿಯಿತು. ಪ್ರೇಮಮ್ಮನವರ ಗಿಡದ ಕರಿಬೇವು ಚಟಪಟ ಎಂದಿತು. ಅವಳು ಸೌಟನ್ನು ಎತ್ತಿ, ಒಂದು ಗಳಿಗೆ ಕೈ ತಡೆದು, ಸುರಿದೇಬಿಟ್ಟಳು. ಚುಂಯ್ ಎಂದ ಸದ್ದಿಗೆ ಕೆಳಗಿನ ಮನೆಯಲ್ಲಿ ಸುಲೋಚನಮ್ಮ ತಲೆಯೆತ್ತಿ ನೋಡಿದರೋ ಏನೋ, ನಾನು ಮೇಲಿದ್ದೆ, ಕಾಣಲಿಲ್ಲ.

೯

ಇನ್ನು ಮುಂದಿನದನ್ನು ಕಂಡ ಹಾಗೆ ಹೇಳುತ್ತೇನೆ. ಕಂಡದ್ದೂ ನಾನೇ, ಮಾಡಿದ್ದೂ ನಾನೇ ಎಂದು ನೀವು ಅನ್ನಬಹುದು. ಅದನ್ನು ಅವಳೂ ಆಮೇಲೆ ಅಂದಳು.

ತಾರಸಿಯಲ್ಲಿ ನೀರು ಹೊಡೆದು ತಂಪು ಮಾಡಿದ್ದರು. ಕೊಬ್ಬರಿ ಒಣಗಿಸುವ ಜಾಗದಲ್ಲಿ ಜಮಖಾನ, ಗೋಡೆಗೆ ಬಣ್ಣದ ಲೈಟು, ಉದ್ದದ ಟೇಬಲ್ಲಿನ ಮೇಲೆ ಪಾತ್ರೆಗಳ ಸಾಲು. ಭವ್ಯ ಮುಚ್ಚಳ ತೆಗೆದಳು. ಹಳದಿ ಬೇಳೆ, ಹಸಿರು ಸೌತೆ, ಬಿಳಿ ಕಾಯಿತುರಿ, ಅದರ ಮೇಲೆ ಕಪ್ಪು ಸಾಸಿವೆ, ಕೆಂಪು ಮೆಣಸಿನಕಾಯಿ. ಟೇಬಲ್ಲಿನಲ್ಲಿ ಅದರಷ್ಟು ಚೆಂದದ್ದು ಇನ್ನೊಂದಿರಲಿಲ್ಲ.

"ಓ, ಒಗ್ಗರಣೇನೂ ಹಾಕಿದೀರಾ," ಎಂದಳು ಸ್ಫೂರ್ತಿ. ಹೂಂ ಎಂದಳು ಭವ್ಯ. ಸ್ಫೂರ್ತಿ ನಕ್ಕು, ಮೊಬೈಲು ತೆಗೆದು ಅದರದೇ ಮೊದಲು ಫೋಟೋ ಹೊಡೆದು ಗ್ರೂಪಿಗೆ ಹಾಕಿದಳು. ಅಲ್ಲೇ ನಿಂತಿದ್ದವರೆಲ್ಲ ಮೊಬೈಲಿನಲ್ಲಿ ಅದಕ್ಕೆ ಹಾರ್ಟು ಒತ್ತಿದರು.

ಬಡಿಸಿಕೊಳ್ಳುವಾಗ ಭವ್ಯ ಪಾತ್ರೆಯ ಹಿಂದೆ ನಿಂತಳು. ಒಬ್ಬೊಬ್ಬರಾಗಿ ಪೇಪರ್ ತಟ್ಟೆ ಹಿಡಿದು ಬಂದರು. ಒಬ್ಬರೂ ಬೇಡ ಅನ್ನಲಿಲ್ಲ. ಒಂದು ಚಮಚ ಸಾಕು ಕಣ್ರೀ, ಆಮೇಲೆ ಮತ್ತೆ ಹಾಕಿಸ್ಕೋತೀವಿ ಎಂದರು. ಸುಲೋಚನಮ್ಮ, ಘಮ ಅಂತಿದೆ ಎಂದರು. ಸ್ಫೂರ್ತಿ ಎರಡು ಚಮಚ ಹಾಕಿಸಿಕೊಂಡಳು. ಭವ್ಯಳಿಗೆ ತನ್ನ ಅನುಮಾನದ ಮೇಲೆ ನಾಚಿಕೆಯಾಯಿತು. ಯಾವತ್ತೋ ಒಂದು ದಿನ ಕರುವಿನ ಬಕೆಟ್ಟಿನಲ್ಲಿ ಕಂಡದ್ದನ್ನು ಹಿಡಿದುಕೊಂಡು ಇಷ್ಟು ದಿನ ಕೊರಗಿದೆನಲ್ಲ ಅನಿಸಿತು.

ಪ್ರೇಮಮ್ಮ ಮೂಲೆಯ ಕುರ್ಚಿಯಲ್ಲಿ ತಮ್ಮದೇ ಸ್ಟೀಲ್ ತಟ್ಟೆಯಲ್ಲಿ ತಾವೇ ಮಾಡಿಕೊಂಡ ಉಪ್ಪಿಟ್ಟು ಇಟ್ಟುಕೊಂಡು ಕೂತಿದ್ದರು. ಭವ್ಯ ಹತ್ತಿರ ಹೋದಾಗ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ನಂಗೆ ಬ್ಯಾಡ ಕಣಮ್ಮ. ನಾನು ತಿನ್ನಲ್ಲ, ನಿಂಗೆ ಗೊತ್ತಲ್ಲ. ನೋಡಕ್ಕೆ ಬಾಳ ಚೆನ್ನಾಗೈತೆ."

ಆ ಮಾತಿನಿಂದ ಅವಳಿಗೆ ಒಂದಿಷ್ಟೂ ನೋವಾಗಲಿಲ್ಲ. ಅವರ ಪಕ್ಕದಲ್ಲೇ ಕೂತು ತನ್ನ ತಟ್ಟೆಯಲ್ಲಿ ಪುಳಿಯೋಗರೆ, ಚಿತ್ರಾನ್ನ, ಹೋಳಿಗೆ, ತನ್ನ ಕೋಸಂಬರಿ ಎಲ್ಲ ಹಾಕಿಕೊಂಡು ಉಂಡಳು. ಎರಡು ವರ್ಷದಲ್ಲಿ ಅಷ್ಟು ಹೊಟ್ಟೆ ತುಂಬ ಉಂಡಿರಲಿಲ್ಲ.

ಓದುಗರೇ, ಇಲ್ಲಿಗೆ ನಿಲ್ಲಿಸಿಬಿಡೋಣವೇ? ನಿಜಕ್ಕೂ ಕೇಳುತ್ತಿದ್ದೇನೆ. ಪುಸ್ತಕ ಮುಚ್ಚಿ ಹೋಗುವವರು ಈಗಲೇ ಹೋಗಬಹುದು.

೧೦

ಊಟವಾದ ಮೇಲೆ ಅಂತ್ಯಾಕ್ಷರಿ ಶುರುವಾಯಿತು. ಉಂಡ ತಟ್ಟೆಗಳನ್ನು 'ಎಂಜಲು ಇಲ್ಲಿ ಹಾಕಿ' ಎಂದು ಬರೆದು ಮೆಟ್ಟಿಲ ಬಾಗಿಲ ಹತ್ತಿರ ಇಟ್ಟಿದ್ದ ದೊಡ್ಡ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಾಕಿದ್ದರು. ಬುಟ್ಟಿ ತುಂಬಿತ್ತು. ಕೆಳಗೆ ಸುರಿದು ಬರುತ್ತೇನೆಂದು ಭವ್ಯ ಎತ್ತಿಕೊಂಡಳು. ಇವತ್ತು ಏನಾದರೂ ಕೆಲಸ ಮಾಡಬೇಕು ಅನಿಸುವಷ್ಟು ಹಗುರವಾಗಿದ್ದಳು.

ಮೆಟ್ಟಿಲ ತಿರುವಿನಲ್ಲಿ ಬುಟ್ಟಿ ವಾಲಿ ಮೇಲಿನ ತಟ್ಟೆಗಳು ಜಾರಿದವು. ಎಲ್ಲರೂ ಅರ್ಧಕ್ಕೆ ಮಡಚಿ ಹಾಕಿದ್ದರು. ಅವಳು ಬಾಗಿ ಆರಿಸಿಕೊಳ್ಳುವಾಗ ಒಂದು ಬಿಚ್ಚಿಕೊಂಡಿತು. ಪುಳಿಯೋಗರೆಯ ಒಂದು ಅಗುಳೂ ಉಳಿದಿರಲಿಲ್ಲ. ಕೋಸಂಬರಿ ಅವಳು ಬಡಿಸಿದ ಹಾಗೆಯೇ ಅಂಚಿನಲ್ಲಿ ಕೂತಿತ್ತು. ಇನ್ನೊಂದನ್ನು ಬಿಚ್ಚಿದಳು. ಅದರಲ್ಲೂ. ಎರಡು ಚಮಚದ ಗುಪ್ಪೆ ಇದ್ದದ್ದೂ ಸಿಕ್ಕಿತು. ಕೆಲವರು ಅದರ ಮೇಲೆ ಹೋಳಿಗೆಯ ಚೂರು ಮುಚ್ಚಿದ್ದರು, ಒಬ್ಬರು ಟಿಶ್ಯೂ ಪೇಪರ್ ಮುಚ್ಚಿದ್ದರು. ಅವಳಿಗೆ ನೋವಾಗಬಾರದೆಂದು ಎಲ್ಲರೂ ಎಷ್ಟು ಜೋಪಾನ ಮಾಡಿದ್ದರು. ಭವ್ಯ ಮೆಟ್ಟಿಲ ಮೇಲೆ ಕೂತು ಒಂದೊಂದೇ ತಟ್ಟೆ ಬಿಚ್ಚಿ ನೋಡಿದಳು. ಬಿಚ್ಚಬೇಡ ಎಂದು ನಾನು ಹೇಳಿದೆ, ಕೇಳಲಿಲ್ಲ. ಅವಳಿಗೆ ಅಳುವೂ ಬರಲಿಲ್ಲ. ಮೇಲಿನ ಹಾಡು, ಚಪ್ಪಾಳೆ ಬಹಳ ದೂರದ ಊರಿನದು ಎಂಬಂತೆ ಕೇಳುತ್ತಿತ್ತು.

ಬುಟ್ಟಿಯ ತಳಕ್ಕೆ ಹತ್ತಿರದಲ್ಲಿ ಮಡಚದ ಒಂದು ತಟ್ಟೆ ಇತ್ತು.

ಅದರಲ್ಲಿ ಏನೂ ಉಳಿದಿರಲಿಲ್ಲ. ಕೋಸಂಬರಿ ಹಾಕಿಸಿಕೊಳ್ಳದವರ ತಟ್ಟೆ ಇರಬಹುದೆಂದು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ನಾಲ್ಕಾರು ಸಾಸಿವೆ ಕಾಳು ಅಂಟಿದ್ದವು. ಜಗಿದು ಪಕ್ಕಕ್ಕಿಟ್ಟ ಕರಿಬೇವಿನ ಎಲೆ, ತೊಟ್ಟು ಮಾತ್ರ ಬಿಟ್ಟ ಒಣಮೆಣಸಿನಕಾಯಿ. ಬೆರಳಿನಿಂದ ಬಳಿದು ತಿಂದ ಗುರುತು ಪೇಪರಿನ ಮೇಲೆ ಸ್ಪಷ್ಟವಾಗಿತ್ತು. ಅವಳ ತಟ್ಟೆ ಇನ್ನೂ ಮೇಲೆ ಪ್ರೇಮಮ್ಮನವರ ಕುರ್ಚಿಯ ಹತ್ತಿರವೇ ಇತ್ತು. ಪ್ರೇಮಮ್ಮನವರದು ಸ್ಟೀಲ್ ತಟ್ಟೆ. ಇದು ಬೇರೆ ಯಾರದ್ದೋ.

ಯಾರೋ ತಿಂದಿದ್ದರು.

೧೧

"ಸಾರ್," ಎಂದಳು ಭವ್ಯ. "ಇದು ನೀವಿಟ್ಟಿದ್ದಾ?"

ನಾನು ಹಿಂದಿನ ಪುಟ ತಿರುವತೊಡಗಿದೆ.

"ಪಾಪ ಅಂತ ಇಟ್ಟಿದ್ರೆ ಈಗ್ಲೇ ತೆಗ್ದುಬಿಡಿ. ಕೋಪ ಮಾಡ್ಕೊಳಕ್ಕೆ ಅನುಕೂಲ ಆಗುತ್ತೆ. ಇವ್ರೆಲ್ಲ ಇಷ್ಟೇ ಅಂದ್ಕೊಂಡು ಬಾಗ್ಲು ಹಾಕ್ಕೊಂಡು ಇದ್ಬಿಡ್ತೀನಿ. ಇದೊಂದು ಇದ್ರೆ ಹಂಗೆ ಇರಕ್ಕಾಗಲ್ಲ. ನಾಳೆಯಿಂದ ಒಬ್ಬೊಬ್ಬರ ಕಣ್ಣಿಗೆ ಟಾರ್ಚ್ ಬಿಡುವಾಗ್ಲೂ ಇವ್ರೇನಾ, ಇವ್ರೇನಾ ಅಂತ ನೋಡ್ಬೇಕು."

ಅವಳು ಹೇಳುವುದು ಸರಿ. ತಟ್ಟೆಯನ್ನು ಅಳಿಸಿದರೆ ಅವಳಿಗೆ ಸಿಟ್ಟು ಸಿಗುತ್ತದೆ, ಸಿಟ್ಟಿನಲ್ಲಿ ಒಂದು ಬಗೆಯ ನೆಮ್ಮದಿಯೂ ಸಿಗುತ್ತದೆ. ಅದು ಯಾರದೆಂದು ಹೇಳಿದರೆ ಅವಳಿಗೆ ಒಬ್ಬ ಗೆಳತಿ ಸಿಗುತ್ತಾಳೆ, ಉಳಿದವರೆಲ್ಲ ದೂರವಾಗುತ್ತಾರೆ. ಎರಡನ್ನೂ ಮಾಡದೆ ಕೂತಿದ್ದೇನೆ. ಮತ್ತೆ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಬುಟ್ಟಿಯಲ್ಲಿ ಎಲ್ಲ ತಟ್ಟೆಗಳೂ ಒಂದೇ ಥರ ಇರಬೇಕೆಂದು ಅಂದುಕೊಂಡು ಬರೆಯಲು ಕೂತವನು ನಾನು. ಈ ಖಾಲಿ ತಟ್ಟೆ ಯಾವ ಸಾಲಿನಲ್ಲಿ ಒಳಗೆ ಬಂತೋ ನನಗೆ ತಿಳಿಯದು.

(ಇದು ನಿಜವೇ ಎಂದು ಕೇಳುತ್ತೀರಿ. ನನ್ನನ್ನೂ ಯಾರೂ ಆ ತಾರಸಿಗೆ ಕರೆದಿರಲಿಲ್ಲ. ಆ ಕೋಸಂಬರಿಯ ಘಮ ನನ್ನ ರೂಮಿನ ತನಕ ಬಂದಿತ್ತು. ನಾನೇ ಕದ್ದು ತಿಂದಿದ್ದರೂ ನಿಮ್ಮೆದುರು ಒಪ್ಪಿಕೊಳ್ಳುವವನಲ್ಲ. ಹಾಗೆಂದು ತಿಂದಿದ್ದೇನೆ ಎಂದೂ ಅಲ್ಲ.)

ಭವ್ಯ ಇನ್ನೂ ಮೆಟ್ಟಿಲ ಮೇಲೆಯೇ ಇದ್ದಾಳೆ. ಕೆಳಗಿಳಿದರೆ ರಸ್ತೆಯಾಚೆ ಅವಳ ಮನೆ. ಮೇಲೆ ಹತ್ತಿದರೆ ಇಪ್ಪತ್ತು ಮುಖಗಳು. ಯಾವ ಕಡೆಗೂ ನಾನು ಅವಳನ್ನು ಕಳಿಸುವುದಿಲ್ಲ, ಆ ಅಧಿಕಾರವನ್ನು ಅವಳು ಒಗ್ಗರಣೆ ಹಾಕುವಾಗಲೇ ನನ್ನಿಂದ ಕಿತ್ತುಕೊಂಡಿದ್ದಾಳೆ.

ಅಷ್ಟರಲ್ಲಿ ಮೇಲೆ ಹಾಡು ನಿಂತಿತು. ಮೆಟ್ಟಿಲ ಬಾಗಿಲಲ್ಲಿ ಯಾರೋ ಬಂದು ನಿಂತು, ಭವ್ಯಾ, ಎಲ್ಲೋದೆ, ಎಲ್ರೂ ನಿಂಗೇ ಕಾಯ್ತಾ ಇದೀವಿ ಎಂದು ಕೂಗಿದರು. ಹಿಂದಿನಿಂದ ಲೈಟು ಬೀಳುತ್ತಿದ್ದುದರಿಂದ ಮುಖ ಕಾಣುತ್ತಿರಲಿಲ್ಲ.

"ಬಂದೆ," ಎಂದಳು ಭವ್ಯ, ಕೂಗಿದವರು ಯಾರೆಂದು ಕೇಳದೆ.